ಹದಿಮೂರನೇ ಬಾಬ್ತು

ನಮ್ಮೂರ ನಗರಸಭೆಗೆ ನಮ್ಮ ಗುರುತು ಚೆನ್ನಾಗಿಯೇ ಇದೆ. ಬೆಳಗಿನ ಐದೂವರೆಗೆ ನಮ್ಮ ಕಾಲೋನಿಯ ಹೆಂಗಸರು ಗಂಡಸರು ಪೊರಕೆ ಹಿಡಿದು ಹಾಜರಿ ಕೊಡುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ, ಅವರಿಗೆ ಗೊತ್ತು. ಚರಂಡಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಗೊತ್ತು. ಊರಿನ ದೊಡ್ಡವರು ಯಾರಾದರೂ ತೀರಿಕೊಂಡರೆ ತಮಟೆಗೆ ಯಾರಿಗೆ ಹೇಳಿ ಕಳಿಸಬೇಕೆಂದು ಗೊತ್ತು. ನವೆಂಬರ್ ಒಂದರಂದು ತಾಯಿ ಭುವನೇಶ್ವರಿಯ ಮೆರವಣಿಗೆಯ ಮುಂದೆ ಬಿಸಿಲಲ್ಲಿ ಮೂರು ಗಂಟೆ ಕುಣಿಯುವವರು ಯಾರೆಂದು ಗೊತ್ತು. ಇಷ್ಟೆಲ್ಲ ಗೊತ್ತಿದ್ದವರು, ನಾವು ಏಳು ಜನ ಒಂದು ಅರ್ಜಿ ಹಿಡಿದು ಹೋದ ದಿನ ಕನ್ನಡಕದ ಮೇಲಿಂದ ನೋಡಿ ಕೇಳಿದ್ದು ಒಂದೇ ಮಾತು: ‘ನೀವ್ಯಾರಪ್ಪ?’

ಆ ಮಾತಿಗೆ ಅವತ್ತು ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇವೆ. ನಾನು ಎಂದು ಬರೆಯಲು ಕೈ ಬರುವುದಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ್ದು ನಾವೊಬ್ಬರೇ. ಆದರೆ ಫೀಸು ಕಟ್ಟಿದ್ದು ಇಡೀ ಕಾಲೋನಿ. ಪದ್ಯ ಬರೆಯುವುದು ನಾವೊಬ್ಬರೇ. ಆದರೆ ಲಯ ಕೊಟ್ಟಿದ್ದು ಪಕ್ಕದ ಮನೆಯ ತಮಟೆ. ಹಾಗಾಗಿ ನಾವು.

ವಿಷಯ ಇಷ್ಟು. ನಗರಸಭೆಯ ಆಯವ್ಯಯ ಪುಸ್ತಕದಲ್ಲಿ ಒಂದು ಸಾಲಿದೆ. ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಮತ್ತು ಕಲಾ ಸಂಘಗಳಿಗೆ ನೆರವು. ದೊಡ್ಡ ಮೊತ್ತವೇನಲ್ಲ, ಬೀದಿ ದೀಪಕ್ಕೆ ಖರ್ಚಾಗುವುದರ ಮುಂದೆ ಅದು ಚಿಲ್ಲರೆ. ಆ ಚಿಲ್ಲರೆಯಲ್ಲಿ ಊರಿನ ಸಂಗೀತ ಸಭೆಗೆ ಪ್ರತಿ ವರ್ಷ ಇಷ್ಟು, ನಾಟಕದ ಸಂಘಕ್ಕೆ ಇಷ್ಟು, ಗಣಪತಿ ಉತ್ಸವದ ಆರ್ಕೆಸ್ಟ್ರಾಕ್ಕೆ ಇಷ್ಟು ಎಂದು ಹೋಗುತ್ತದೆ. ನಮಗೆ ಸಂಗೀತದ ಮೇಲೆ ಹಗೆಯಿಲ್ಲ. ಸಭೆಯ ಕಚೇರಿ ನಡೆಯುವ ದಿನ ಹೊರಗೆ ಕಸದ ಗಾಡಿ ನಿಲ್ಲಿಸಿಕೊಂಡು ಕೇಳಿದವರು ನಮ್ಮವರೇ. ಆ ಪುಸ್ತಕವನ್ನು ನಮಗೆ ಮೊದಲು ತೋರಿಸಿದವರು ಹೈಸ್ಕೂಲಿನ ಒಬ್ಬ ಮೇಷ್ಟ್ರು. ‘ನೋಡ್ರಪ್ಪ, ನಿಮ್ಮ ಮೇಳದ ಹೆಸರು ಯಾಕಿಲ್ಲ ಇದರಲ್ಲಿ?’ ಎಂದರು. ನಮಗೆ ಆ ಪ್ರಶ್ನೆ ಅದುವರೆಗೂ ಹೊಳೆದಿರಲಿಲ್ಲ. ಅದಕ್ಕೆ ನಾಚಿಕೆಯಾಯಿತು.

ನೆರವು ಬೇಕಾದರೆ ಸಂಘ ನೋಂದಣಿಯಾಗಿರಬೇಕು. ಕರ್ನಾಟಕದಲ್ಲಿ ಅದಕ್ಕೆ 1960ರ ಸಂಘಗಳ ನೋಂದಣಿ ಅಧಿನಿಯಮವಿದೆ. ಕನಿಷ್ಠ 7 ಜನ ಸೇರಬೇಕು. ಏಳು ಜನ ನಮ್ಮಲ್ಲಿ ಸುಲಭ. ಒಂದೇ ಮನೆಯಲ್ಲೇ ಇದ್ದಾರೆ. ಆದರೆ ಬೈಲಾ ಬೇಕು, ನಡಾವಳಿ ಪುಸ್ತಕ ಬೇಕು, ಬ್ಯಾಂಕ್ ಖಾತೆ ಬೇಕು, ಮೂರು ವರ್ಷದ ಲೆಕ್ಕ ಪರಿಶೋಧನಾ ವರದಿ ಬೇಕು, ಕಾರ್ಯಕ್ರಮದ ಫೋಟೊ ಬೇಕು, ಪೇಪರಿನಲ್ಲಿ ಬಂದ ಸುದ್ದಿಯ ತುಣುಕು ಬೇಕು. 2019ರಲ್ಲಿ ನೋಂದಣಿ ಮಾಡಿಸಿದೆವು. ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತ ದೊಡ್ಡಯ್ಯ, ‘ಈ ವಯ್ಸಲ್ಲಿ ನನ್ನ ಕಾರ್ಯದರ್ಸಿ ಮಾಡ್ಬುಟ್ರಲ್ರಲಾ’ ಎಂದು ನಕ್ಕಿದ್ದ.

2020 ಬಂತು. ಕೊರೊನಾ ಬಂತು. ಆ ವರ್ಷ ಮೆರವಣಿಗೆಯಿಲ್ಲ, ಜಾತ್ರೆಯಿಲ್ಲ, ಹೆಣದ ಮುಂದೆ ತಮಟೆಯೂ ಇಲ್ಲ. ನಮ್ಮವರಿಗೆ ಪೊರಕೆ ಮಾತ್ರ ಇತ್ತು. ಊರೆಲ್ಲ ಬಾಗಿಲು ಹಾಕಿಕೊಂಡಾಗ ಬೀದಿಯಲ್ಲಿದ್ದವರು ಪೌರಕಾರ್ಮಿಕರು. ಕೆಲವು ಕಡೆ ಅವರ ಮೇಲೆ ಹೂವು ಚೆಲ್ಲಿ ಫೋಟೊ ಹಿಡಿದರು. ಆ ಹೂವನ್ನು ಆಮೇಲೆ ಗುಡಿಸಿದವರೂ ಅವರೇ. ನಮ್ಮ ಆಡಿಟ್ ವರದಿಯಲ್ಲಿ ಆ ವರ್ಷದ ಕಾರ್ಯಕ್ರಮ ಸೊನ್ನೆ. ಆಡಿಟರಿಗೆ ಕೊಟ್ಟ ಫೀಸು ಮಾತ್ರ ಸೊನ್ನೆಯಲ್ಲ.

ಮೂರು ವರ್ಷ ತುಂಬಿಸಿ 2023ರ ಫೆಬ್ರವರಿಯಲ್ಲಿ ಅರ್ಜಿ ಕೊಟ್ಟೆವು. ಟಪಾಲಿನಲ್ಲಿ ಸೀಲು ಹಾಕಿಸಿ, ಮೇಜಿಂದ ಮೇಜಿಗೆ ನಡೆದು, ಕೊನೆಗೆ ಒಬ್ಬ ಗುಮಾಸ್ತರ ಮುಂದೆ ನಿಂತೆವು. ‘ನೀವ್ಯಾರಪ್ಪ?’ ಎಂದದ್ದು ಅವರೇ. ಕೆಟ್ಟ ಮನುಷ್ಯರಲ್ಲ. ನೀರು ಕುಡಿಯಿರಿ ಎಂದರು. ಅರ್ಜಿ ಓದಿ, ‘ತಮಟೆ ಕಲೆ ಬಾಬ್ತಿಗೆ ಬರಲ್ಲಪ್ಪ. ಅದು ಮೆರವಣಿಗೆ ವಾದ್ಯ. ಮೆರವಣಿಗೆ ದಿನ ಕರೀತೀವಲ್ಲ, ಕೂಲಿ ಕೊಡ್ತೀವಲ್ಲ’ ಎಂದರು.

‘ಸಾರ್, ಈಗ ಮೊನ್ನೆ ಜನವರಿಲಿ ತಮಟೆ ಮುನಿವೆಂಕಟಪ್ಪನವರಿಗೆ ಪದ್ಮಶ್ರೀನೇ ಬಂತಲ್ಲ ಸಾರ್’ ಎಂದೆವು. ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿಯ ಹಿರಿಯರಿಗೆ, ತಮಟೆ ಬಾರಿಸಿಯೇ ಬದುಕು ಸವೆಸಿದವರಿಗೆ, 2023ರಲ್ಲಿ ಬಂದ ಪದ್ಮಶ್ರೀ ಅದು. ನಮ್ಮ ಕಾಲೋನಿಯಲ್ಲಿ ಅವತ್ತು ರಾತ್ರಿ ಹಬ್ಬ.

ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿದರು. ‘ಅದು ದಿಲ್ಲೀದು ಕಣಪ್ಪ. ಇಲ್ಲಿ ಬಾಬ್ತು ಬೇರೆ.’

ಆ ಬಾಬ್ತು ಎಂಬ ಮಾತನ್ನು ಹಿಡಿದು ನಾವು ಮೇಷ್ಟ್ರ ಮನೆಗೆ ಹೋದೆವು. ಅವರು ಸಂವಿಧಾನ ತೆಗೆದರು. 1992ರ 74ನೇ ತಿದ್ದುಪಡಿ; 1993ರ ಜೂನ್ 1ರಿಂದ ಜಾರಿಗೆ ಬಂದದ್ದು. ಅದರೊಂದಿಗೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಬಾಬ್ತುಗಳಿವೆ. ನಾವು ಬೆರಳಿಟ್ಟು ಓದಿದೆವು. 6ನೆಯದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿ. ಅಲ್ಲಿ ನಾವಿದ್ದೇವೆ, ಪೊರಕೆಯ ಸಮೇತ. 9ನೆಯದು ದುರ್ಬಲ ವರ್ಗಗಳ ಹಿತರಕ್ಷಣೆ. ಅಲ್ಲಿ ನಾವಿದ್ದೇವೆ, ಕೈಯೊಡ್ಡಿಕೊಂಡು. 10ನೆಯದು ಕೊಳೆಗೇರಿ ಸುಧಾರಣೆ. ಅಲ್ಲಿ ನಮ್ಮ ಮನೆಗಳಿವೆ. 14ನೆಯದು ಹೂಳುವ ಜಾಗ, ಸುಡುವ ಜಾಗ. ಅಲ್ಲಿಯೂ ನಾವಿದ್ದೇವೆ, ಗುಂಡಿ ತೋಡುತ್ತ, ತಮಟೆ ಬಾರಿಸುತ್ತ. ಇದರ ಹಿಂದಿನ ಸಾಲು, 13ನೆಯದು: ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ವಿಷಯಗಳಿಗೆ ಪ್ರೋತ್ಸಾಹ.

ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ ಒಂದು ಗೆರೆ. ಅದೇ ತಮಟೆ, ಅದೇ ಕೈ, ಅದೇ ಗತ್ತು. ಹೆಣದ ಮುಂದೆ ಬಾರಿಸಿದರೆ ಹದಿನಾಲ್ಕು. ವೇದಿಕೆಯ ಮೇಲೆ ಬಾರಿಸುತ್ತೇವೆಂದರೆ ಬಾಬ್ತು ಇಲ್ಲ.

ಈ ರಾಜ್ಯದಲ್ಲಿ ಇದು ಹೊಸದಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ನೋಡಿಕೊಂಡವರು ಬಿ. ಬಸವಲಿಂಗಪ್ಪನವರು. ತಲೆಯ ಮೇಲೆ ಮಲ ಹೊರುವುದು ನಿಲ್ಲಬೇಕೆಂದು ಹಟ ಹಿಡಿದು ನಿಲ್ಲಿಸಹೊರಟವರು. ಅದನ್ನು ಈ ಸಮಾಜ ಹೇಗೋ ನುಂಗಿಕೊಂಡಿತು. ಅದೇ ಮನುಷ್ಯ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಒಂದು ಮಾತು ಆಡಿದರು, ಬಹುಪಾಲು ಬೂಸಾ ಎಂದು. ನುಂಗಲಾಗಲಿಲ್ಲ. ಹಾಸ್ಟೆಲಿನ ದಲಿತ ಹುಡುಗರಿಗೆ ಏಟು ಬಿತ್ತು, ಮಂತ್ರಿಗಿರಿ ಹೋಯಿತು. ಆರನೇ ಬಾಬ್ತಿನಲ್ಲಿ ಏನು ಬೇಕಾದರೂ ಮಾತಾಡು, ಹದಿಮೂರಕ್ಕೆ ಕೈ ಹಾಕಬೇಡ. ಅನುಸೂಚಿ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಈ ಪಾಠ ಹೇಳಿಕೊಟ್ಟಿದ್ದರು.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ ಇದೆ. ಅದನ್ನು ಹೇಳದೆ ಮುಂದೆ ಹೋದರೆ ಸುಳ್ಳಾಗುತ್ತದೆ.

ನಮ್ಮಪ್ಪ ಹಳ್ಳಿಯಲ್ಲಿ ತಮಟೆ ಬಡಿಯುತ್ತಿದ್ದ. ಸಾವಿಗೆ ಬಡಿ, ಮಾರಿಹಬ್ಬಕ್ಕೆ ಬಡಿ, ಪಂಚಾಯ್ತಿ ಸೇರಿದರೆ ಬೀದಿ ಬೀದಿ ಸಾರು. ಕೂಲಿಯೆಂದರೆ ಮಿಕ್ಕ ಅನ್ನ, ಒಂದು ಸೇರು ರಾಗಿ. ಎಂಬತ್ತರ ದಶಕದಲ್ಲಿ ಸಂಘದ ಹುಡುಗರು ಬಂದು ಹೇಳಿದರು: ಬಿಟ್ಟಿ ಬಡಿಯಬೇಡಿ, ಸತ್ತ ದನ ಎಳೆಯಬೇಡಿ. ಅಪ್ಪ ಇನ್ನೂ ಇಪ್ಪತ್ತರವನು. ಒಂದು ಸಾವಿಗೆ ಬರಲ್ಲ ಎಂದ. ಊರು ಸುಮ್ಮನಿರಲಿಲ್ಲ. ಕೂಲಿಗೆ ಕರೆಯಲಿಲ್ಲ, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ. ಅವ್ವನನ್ನು ಕಟ್ಟಿಕೊಂಡ ಮೇಲೆ ಅಪ್ಪ ಪಟ್ಟಣಕ್ಕೆ ಬಂದ, ಗುತ್ತಿಗೆಯ ಮೇಲೆ ಪೊರಕೆ ಹಿಡಿದ. ತಮಟೆ ಅಟ್ಟ ಸೇರಿತು. ಒಂದು ದಾಸ್ಯ ಬಿಟ್ಟು ಬಂದವನಿಗೆ ಪಟ್ಟಣ ಇನ್ನೊಂದನ್ನು ಕೈಗೆ ಕೊಟ್ಟಿತ್ತು.

ನಾವು ಕಾಲೇಜಿಗೆ ಹೋದಾಗ ಹಾಸ್ಟೆಲಿನಲ್ಲಿ ಅಪ್ಪ ಏನು ಮಾಡುತ್ತಾರೆಂದು ಕೇಳಿದರೆ ‘ನಗರಸಭೆಲಿ ಕೆಲಸ’ ಎನ್ನುತ್ತಿದ್ದೆವು. ತಮಟೆಯ ಮಾತೇ ಎತ್ತುತ್ತಿರಲಿಲ್ಲ. ಬಿ.ಎ. ಎರಡನೇ ವರ್ಷದಲ್ಲಿ ಏಪ್ರಿಲ್ 14ಕ್ಕೆ ಊರಿಗೆ ಬಂದಾಗ ನೋಡಿದರೆ ಅಪ್ಪ ಅಟ್ಟದಿಂದ ತಮಟೆ ಇಳಿಸಿ ಹುಲ್ಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದ. ಬಾಬಾಸಾಹೇಬರ ಫೋಟೊದ ಮುಂದೆ ಬಾರಿಸಿದ. ಕಾಲೋನಿಯ ಮಕ್ಕಳೆಲ್ಲ ಕುಣಿದವು. ನಮಗೆ ಸಿಟ್ಟು ಬಂತು. ಊರಿಂದ ಓಡಿ ಬಂದದ್ದು ಇದೇ ಬಡಿಯೋದಕ್ಕಾ ಎಂದು ಕೇಳಿಬಿಟ್ಟೆವು. ಅಪ್ಪ ತಮಟೆ ಕೆಳಗಿಡಲಿಲ್ಲ. ‘ಅವ್ರು ಬಡಿ ಅಂದಾಗ ಬಡಿಯದು ಬ್ಯಾರೆ, ನಾನೇ ಬಡಿತೀನಿ ಅನ್ನದು ಬ್ಯಾರೆ ಕಣ್ ಮಗ’ ಎಂದ.

ನಾವು ಓದಿದ ಯಾವ ಪಠ್ಯದಲ್ಲಿಯೂ ಕಲೆಗೆ ಇಷ್ಟು ಚೆನ್ನಾದ ವ್ಯಾಖ್ಯೆ ಸಿಕ್ಕಿಲ್ಲ. ಮೇಳ ಹುಟ್ಟಿದ್ದು ಆ ರಾತ್ರಿಯೇ. ಆಮೇಲೆ ಮೂವರು ಹುಡುಗಿಯರೂ ಸೇರಿದರು. ಹೆಣ್ಣು ತಮಟೆ ಮುಟ್ಟಬಾರದು ಎಂದ ನಮ್ಮವರ ಬಾಯಿಯನ್ನೂ ಮುಚ್ಚಿಸಬೇಕಾಯಿತು. ಆ ಜಗಳದ ಕತೆ ಇನ್ನೊಮ್ಮೆ.

ನಾಲ್ಕು ತಿಂಗಳಾದ ಮೇಲೆ ಅರ್ಜಿಗೆ ಹಿಂಬರಹ ಬಂತು. ಸಂಸ್ಕೃತಿಯ ಬಾಬ್ತಿನಲ್ಲಿ ಅವಕಾಶವಿಲ್ಲ. ಅರ್ಜಿದಾರರು ಪರಿಶಿಷ್ಟರಾದ್ದರಿಂದ ಬೇಕಾದರೆ ಶೇಕಡ 24.10ರ ನಿಧಿಯಡಿ ತಮಟೆ ಕೊಳ್ಳಲು ಕೇಳಿಕೊಳ್ಳಬಹುದು.

ಈ 24.10 ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇವೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಶೇಕಡ 17.15, ಪರಿಶಿಷ್ಟ ಪಂಗಡ ಶೇಕಡ 6.95. ಎರಡೂ ಕೂಡಿದರೆ 24.10. ನಗರಸಭೆ, ಪುರಸಭೆಗಳು ತಮ್ಮ ನಿಧಿಯಲ್ಲಿ ಅಷ್ಟು ಪಾಲನ್ನು ಈ ಜನರ ಏಳಿಗೆಗೆಂದು ತೆಗೆದಿಡಬೇಕು. ಓದುವ ಮಕ್ಕಳಿಗೆ ಸಹಾಯಧನ, ಕಾಯಿಲೆಗೆ ನೆರವು, ಹೊಲಿಗೆ ಯಂತ್ರ, ಕೇರಿಯ ರಸ್ತೆ, ಚರಂಡಿ, ಇಂಥವಕ್ಕೆಲ್ಲ ಅದೇ ಹಣ. ಹೋರಾಡಿ ಪಡೆದ ಹಣ ಅದು.

ಕಾಲೋನಿಯಲ್ಲಿ ಸಭೆ ಸೇರಿತು. ದೊಡ್ಡಯ್ಯ, ‘ಕೊಡ್ತೀನಿ ಅಂತವ್ರೆ, ಈಸ್ಕೊಳ್ರಲಾ. ಅದೂ ನಮ್ ದುಡ್ಡೇ ಅಲ್ವಾ? ಹನ್ನೆರಡು ಹೊಸ ತಮಟೆ ಬತ್ತವೆ’ ಎಂದ. ಹುಡುಗರು ಹೂಂ ಎಂದರು. ನಮಗೂ ಆಸೆಯಾಯಿತು. ಹಳೆಯ ತಮಟೆಗಳ ಚರ್ಮ ಸಡಿಲವಾಗಿತ್ತು. ಆಗ ಹಿಂದೆ ಕೂತಿದ್ದ ಒಬ್ಬ ಅಕ್ಕ ಎದ್ದಳು. ಅವಳ ಮಗಳು ನರ್ಸಿಂಗ್ ಓದುತ್ತಿದ್ದಳು.

‘ಅದೇ ದುಡ್ಡಲ್ಲಿ ನಮ್ ಹುಡುಗಿ ಫೀಸ್ ಬರದು. ನೀವು ತಮಟೆಗೆ ಅಂತ ತಕಂಡ್ರೆ ಅಷ್ಟು ಕಮ್ಮಿ ಆಯ್ತದೆ. ಸಂಗೀತದೋರು ಯಾವ್ ಮಕ್ಳ ಫೀಸ್ ಕಿತ್ಕೊಂಡು ಹಾಡ್ತಾರೆ? ಅವರ್ಗೆ ಬ್ಯಾರೆ ಗಂಟು, ನಮಗ್ಯಾಕೆ ನಮ್ ಮಕ್ಳ ಗಂಟೇ?’

ಸಭೆ ತಣ್ಣಗಾಯಿತು. ಬಿ.ಎ. ಓದಿದ ನಮಗೆ ಹೊಳೆಯದ ಲೆಕ್ಕವನ್ನು ಹತ್ತನೇ ತರಗತಿಯಲ್ಲಿ ಬಿಟ್ಟ ಆ ಅಕ್ಕ ಹೇಳಿಬಿಟ್ಟಿದ್ದಳು. ಗೆಳೆಯರೇ, ಇಲ್ಲಿ ಇರುವುದು ಇದೇ. ಮೇಲಿನವರ ಕಲೆ ಊರಿನ ಕಲೆ, ಅದಕ್ಕೆ ಊರಿನ ಹಣ. ನಮ್ಮ ಕಲೆ ನಮ್ಮ ಜಾತಿಯ ಕಲೆ, ಅದಕ್ಕೆ ನಮ್ಮ ಮಕ್ಕಳ ಫೀಸಿನ ಹಣ. ಒಂದು ಕೈಯಿಂದ ತಮಟೆ ಕೊಟ್ಟು ಇನ್ನೊಂದು ಕೈಯಿಂದ ಪುಸ್ತಕ ಕಿತ್ತುಕೊಳ್ಳುವುದು. ಕೊಟ್ಟವರ ಹೆಸರು ಪೇಪರಿನಲ್ಲಿ ಬರುತ್ತದೆ, ಕಿತ್ತುಕೊಂಡದ್ದು ಬರುವುದಿಲ್ಲ. ಮನೆ ಕಂದಾಯ ನಾವೂ ಕಟ್ಟುತ್ತೇವೆ, ನೀರಿನ ತೆರಿಗೆ ನಾವೂ ಕಟ್ಟುತ್ತೇವೆ. ಹದಿಮೂರನೇ ಬಾಬ್ತಿನ ಹಣದಲ್ಲಿ ನಮ್ಮ ಬೆವರೂ ಇದೆ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ಪಾಲು.

24.10ರ ತಮಟೆ ಬೇಡವೆಂದು ಬರೆದುಕೊಟ್ಟೆವು. ದೊಡ್ಡಯ್ಯನೂ ಹೆಬ್ಬೆಟ್ಟು ಒತ್ತಿದ, ಗೊಣಗುತ್ತಲೇ.

ಆ ವರ್ಷ ರಾಜ್ಯೋತ್ಸವಕ್ಕೆ ಸಮಾಧಾನ ಮಾಡುವಂತೆ ಪುರಭವನದೊಳಗೆ ಹತ್ತು ನಿಮಿಷ ಕೊಟ್ಟರು. ಮೊದಲ ಸಲ ಒಳಗೆ. ಹೋದೆವು. ತಮಟೆ ಕಾಯಿಸಬೇಕೆಂದರೆ ಆವರಣದಲ್ಲಿ ಬೆಂಕಿ ಹಾಕುವಂತಿಲ್ಲ ಎಂದರು. ಬೆಂಕಿಯ ಭಯ ನಿಜವೇ. ಆದರೆ ವೀಣೆಗೆ ಶ್ರುತಿ ಮಾಡಿಕೊಳ್ಳಬೇಡಿ ಎಂದು ಯಾರೂ ಹೇಳುವುದಿಲ್ಲ. ತಮಟೆಗೆ ಶ್ರುತಿಯೆಂದರೆ ಬೆಂಕಿ. ಕಾಯದ ಚರ್ಮ ಮಾತಾಡುವುದಿಲ್ಲ. ರಸ್ತೆಯ ಆಚೆ ಖಾಲಿ ಸೈಟಿನಲ್ಲಿ ಕಾಯಿಸಿ, ಆರುವುದರೊಳಗೆ ರಸ್ತೆ ದಾಟಿ ಓಡಿ ಬಂದು ಬಾರಿಸಿದೆವು. ನಾಲ್ಕು ನಿಮಿಷಕ್ಕೆ ನಾದ ಇಳಿಯಿತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಯಾವ ಬಾಬ್ತಿನಲ್ಲಿ ದುಡ್ಡು ಕೊಟ್ಟಿರೆಂದು ಚೀಟಿ ನೋಡಿದರೆ ‘ಮೆರವಣಿಗೆ ವಾದ್ಯದ ಕೂಲಿ’ ಎಂದಿತ್ತು.

ಬೇರೆ ಥರ ನಡೆಸಲು ಆಗುವುದೇ ಇಲ್ಲವೆ? ಆಗುತ್ತದೆ. 1981ರಿಂದ 1986ರವರೆಗೆ ಲಂಡನ್ ಮಹಾನಗರದ ಕೌನ್ಸಿಲ್ ಲೇಬರ್ ಪಕ್ಷದ ಕೈಯಲ್ಲಿತ್ತು. ಕಲೆಯೆಂದರೆ ಅಪೆರಾ, ಬ್ಯಾಲೆ, ದೊಡ್ಡ ರಂಗಮಂದಿರ ಎಂದುಕೊಂಡಿದ್ದ ಊರಿನಲ್ಲಿ ಅವರು ಬಡಾವಣೆಗಳ ಸಮುದಾಯ ಕಲೆಗೆಂದು, ಕಪ್ಪುಜನ ಮತ್ತು ಏಷ್ಯಾದವರ ಕಲೆಗೆಂದು ಬೇರೆ ಬೇರೆ ಉಪಸಮಿತಿ ಮಾಡಿದರು. ಅದುವರೆಗೆ ಯಾವ ಪಟ್ಟಿಯಲ್ಲೂ ಇಲ್ಲದ ಗುಂಪುಗಳಿಗೆ ನಗರದ ಹಣ ಹೋಯಿತು. ಥ್ಯಾಚರ್ ಸರ್ಕಾರ 1986ರಲ್ಲಿ ಆ ಕೌನ್ಸಿಲನ್ನೇ ರದ್ದು ಮಾಡಿತು. ಬಿಳಿಯರ ಊರನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಬಾಬ್ತು ಎನ್ನುವುದು ದೇವರು ಬರೆದದ್ದಲ್ಲ; ಮನುಷ್ಯರು ಕೂತು ಠರಾವು ಮಾಡಿದರೆ ಬದಲಾಗುತ್ತದೆ, ಮನುಷ್ಯರೇ ಕೂತು ಅಳಿಸಲೂಬಹುದು. ಇಷ್ಟು ಹೇಳಲಿಕ್ಕೆ.

ನಮ್ಮ ನಗರಸಭೆಯಿಂದ ನಾವು ಕೇಳಿದ್ದು ದೊಡ್ಡದೇನಲ್ಲ. ಕಲೆಯ ನೆರವು ಯಾರಿಗೆ ಎಷ್ಟು ಹೋಯಿತೆಂದು ಪ್ರತಿ ವರ್ಷ ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿ. ಸಣ್ಣ ಮೊತ್ತದ ನೆರವಿಗೆ ಮೂರು ವರ್ಷದ ಆಡಿಟ್ ಕೇಳಬೇಡಿ. ಕೊಟ್ಟ ಹಣಕ್ಕೆ ರಸೀದಿ ಕೇಳಿ, ಸಾಕು. ಅರ್ಜಿ ನೋಡುವ ಸಮಿತಿಯಲ್ಲಿ ತಮಟೆ, ನಗಾರಿ, ಚೌಡಿಕೆ ಹಿಡಿದ ಒಬ್ಬರಾದರೂ ಕೂರಲಿ. ಪುರಭವನವನ್ನು ತಿಂಗಳಿಗೊಂದು ಸಂಜೆ ಬಾಡಿಗೆಯಿಲ್ಲದೆ ಬಿಡಿ. ಹಿತ್ತಲಲ್ಲಿ ಬೆಂಕಿ ಹಾಕಲು ನಾಲ್ಕು ಅಡಿ ಸಿಮೆಂಟು ಕಟ್ಟೆ ಕಟ್ಟಿ. ನಮ್ಮ ಕಲೆಗೆ ಕೊಡುವುದನ್ನು ಹದಿಮೂರರಲ್ಲಿ ಬರೆಯಿರಿ; 24.10 ಮಕ್ಕಳಿಗಿರಲಿ.

2024ರಲ್ಲಿ ಮತ್ತೆ ಅರ್ಜಿ ಕೊಟ್ಟೆವು. ಇವತ್ತಿನವರೆಗೆ ಉತ್ತರವಿಲ್ಲ. ಕೇಳಿದರೆ ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಆ ಗುಮಾಸ್ತರು ವರ್ಗವಾಗಿ ಹೋದರು. ಹೊಸಬರೂ ಮೊದಲ ದಿನ ಕೇಳಿದ್ದು ಅದೇ, ನೀವು ಯಾರೆಂದು.

ಇದನ್ನು ಓದುವ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇವೆ. ನಿಮ್ಮೂರಿನ ನಗರಸಭೆಯದೋ ಪಟ್ಟಣ ಪಂಚಾಯ್ತಿಯದೋ ಆಯವ್ಯಯ ಪುಸ್ತಕ ಕೇಳಿ ತೆಗೆಸಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಯ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಕಲೆಗೆ ಕೊಟ್ಟ ಹಣ ಯಾವ ಸಂಘಕ್ಕೆ ಹೋಯಿತು, ನಿಮ್ಮ ಕೇರಿಯ ಮೇಳಕ್ಕೆ ಕೊಟ್ಟಿದ್ದರೆ ಯಾವ ಬಾಬ್ತಿನಲ್ಲಿ ಕೊಟ್ಟರು, ಬರೆದಿಟ್ಟುಕೊಳ್ಳಿ. ಪಕ್ಕದ ಕೇರಿಯ ತಮಟೆಯವರಿಗೋ ಜೋಗತಿಯರಿಗೋ ನಡಾವಳಿ ಪುಸ್ತಕ ಬರೆದುಕೊಡಿ. ಒಂದು ಸಂಜೆ ಸಾಕು. ನಮ್ಮ ಮೇಷ್ಟ್ರು ಮಾಡಿದ್ದು ಅಷ್ಟೇ.

ಮೊನ್ನೆ ರಾತ್ರಿ ಅಪ್ಪ ಕೇಳಿದ: ‘ಏನಾಯ್ತ್ ಮಗ ಅರ್ಜಿ?’ ಇನ್ನೂ ಇಲ್ಲ ಎಂದೆವು. ಅವನು ಬೆಳಿಗ್ಗೆ ಐದೂವರೆಗೆ ಹಾಜರಿ ಕೊಡಬೇಕಿತ್ತು. ಆದರೂ ಹುಲ್ಲು ತಂದು ಅಂಗಳದಲ್ಲಿ ಬೆಂಕಿ ಮಾಡಿದ. ನಾವು ತಮಟೆ ಹಿಡಿದು ಅವನ ಪಕ್ಕ ಕೂತೆವು.